ಕಿಟಕಿಯ ಗಾಜು ಹೇಳುವ ನಿಜ: ಕಟ್ಟಡದ ಚಿತ್ರಕ್ಕೆ ಸಾವಿರ ವರ್ಷಗಳ ಹಿನ್ನೆಲೆ



ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಈ ಯಾವ ಊರಿಗೆ ಹೋದರೂ ಒಂದಲ್ಲ ಒಂದು ಖಾಲಿ ಜಾಗದಲ್ಲಿ ದೊಡ್ಡ ಫ್ಲೆಕ್ಸ್ ಬೋರ್ಡ್ ನಿಮಗೆ ಕಾಣಿಸುತ್ತದೆ. ಇನ್ನೂ ಪಾಯ ತೆಗೆದಿರುವುದಿಲ್ಲ, ಆದರೆ ಅಲ್ಲಿ ಬರಲಿರುವ ಕಾಂಪ್ಲೆಕ್ಸಿನ ಬಣ್ಣದ ಚಿತ್ರ ಮಾತ್ರ ಎದ್ದು ನಿಂತಿರುತ್ತದೆ. ಇಂಥ ಚಿತ್ರವನ್ನು ಈಗ ಕಂಪ್ಯೂಟರಿನಲ್ಲಿ ತಯಾರಿಸುತ್ತಾರೆ. ಇದಕ್ಕೆ ರೆಂಡರಿಂಗ್ ಎಂದು ಹೆಸರು. ಮುಂದಿನ ಸಲ ಅಂಥ ಬೋರ್ಡಿನ ಮುಂದೆ ನಿಂತಾಗ ಒಂದು ಕೆಲಸ ಮಾಡಿ. ಗೋಡೆ, ಬಾಲ್ಕನಿ, ಬಣ್ಣ ಎಲ್ಲವನ್ನೂ ಬಿಟ್ಟು ಕಿಟಕಿಯ ಗಾಜುಗಳನ್ನು ಮಾತ್ರ ದಿಟ್ಟಿಸಿ ನೋಡಿ. ಅವುಗಳಲ್ಲಿ ಏನು ಕಾಣಿಸುತ್ತಿದೆ? ಎದುರಿನ ಚಹಾದಂಗಡಿಯೇ? ರಸ್ತೆಯಾಚೆಯ ಬೇವಿನ ಮರವೇ? ಅಥವಾ ನಮ್ಮ ಸೀಮೆಯಲ್ಲಿ ಎಲ್ಲೂ ಇಲ್ಲದ ತೆಂಗಿನ ಸಾಲು, ಮುಗಿಲೆತ್ತರದ ಕಟ್ಟಡಗಳೇ?

ಗಾಜಿನಲ್ಲಿ ಕಾಣುವ ನೆರಳಿನಂಥ ಈ ಸಣ್ಣ ವಿಷಯಕ್ಕೆ ಇತಿಹಾಸವೇ ಎಂದು ನೀವು ನಗಬಹುದು. ನಾನೂ ಒಂದು ಕಾಲದಲ್ಲಿ ನಕ್ಕವನೇ. ಆ ನಗೆ ನಿಂತದ್ದು ತಿಮ್ಮಾಪುರದ ಹಿರಿಯರೊಬ್ಬರು ಕೇಳಿದ ಒಂದು ಪ್ರಶ್ನೆಯಿಂದ.

ತಿಮ್ಮಾಪುರದ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಊರಿನಲ್ಲಿ ಮಕ್ಕಳಿಗಾಗಿ ಒಂದು ಓದುವ ಕೋಣೆ ಕಟ್ಟಿಸುವ ಮಾತು ನಡೆದಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿವಿಲ್ ಡಿಪ್ಲೊಮಾ ಮುಗಿಸಿದ್ದ. ಅವನೇ ಸಂತೋಷದಿಂದ ಚಿತ್ರ ಮಾಡಿಕೊಟ್ಟ. ರಸ್ತೆಯ ಕಡೆಗೆ, ಎಂದರೆ ಪಶ್ಚಿಮಕ್ಕೆ, ಇಡೀ ಗೋಡೆಯೇ ಹೊಳೆಯುವ ನೀಲಿ ಗಾಜು. ನಾನು ಅದನ್ನು ನೋಡಿ 'ಶಾಭಾಶ್' ಎಂದೆ. ವಂತಿಗೆ ಕೊಡಲು ಬಂದವರಲ್ಲಿ ನೇಕಾರರಿದ್ದರು, ಕಬ್ಬಿನ ಗದ್ದೆಯಲ್ಲಿ ದುಡಿಯುವವರಿದ್ದರು. ಚಿತ್ರ ಕೈಯಿಂದ ಕೈಗೆ ಹೋಯಿತು. ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಮಾಸ್ತರ್ರ, ಕಟ್ಟಡ ನಮ್ಮದು ಖರೆ. ಆದ್ರ ಈ ಗಾಜಿನ್ಯಾಗ ಕಾಣೋ ಊರು ಯಾವ್ದ್ರೀ? ಎದುರಿಗೆ ನಮ್ಮ ಮನಿ ಐತಿ, ಬೇವಿನ ಗಿಡಾ ಐತಿ. ಅವು ಎಲ್ಲಿ ಹೋದ್ವು?"

ಎಲ್ಲರೂ ನಕ್ಕರು. ಹುಡುಗನ ಮುಖ ಸಪ್ಪಗಾಯಿತು. ಆ ಪ್ರತಿಬಿಂಬ ಅವನು ಬಿಡಿಸಿದ್ದೇ ಅಲ್ಲ. ಬೇರೆ ಯಾವುದೋ ದೇಶದ ನಗರದ ಫೋಟೋ ಒಂದನ್ನು ಗಾಜಿನ ಮೇಲೆ ಅಂಟಿಸಿದ್ದನಷ್ಟೆ. ಆದರೆ ಹಿರಿಯರು ಕೇಳಿದ್ದು ಸಾವಿರ ವರ್ಷಗಳ ಹಿಂದೆ ಒಬ್ಬ ಮಹಾವಿದ್ವಾಂಸ ತನಗೆ ತಾನೇ ಕೇಳಿಕೊಂಡ ಪ್ರಶ್ನೆಯ ಇನ್ನೊಂದು ರೂಪ ಎಂಬುದು ನನಗೆ ಆಮೇಲೆ ಹೊಳೆಯಿತು. ಕನ್ನಡಿಯಲ್ಲಿ ಯಾವ ವಸ್ತು, ಯಾವ ಜಾಗದಲ್ಲಿ, ಏಕೆ ಕಾಣಿಸುತ್ತದೆ?

ಬಸ್ರಾದ ವಿದ್ವಾಂಸ

ಹಸನ್ ಇಬ್ನುಲ್ ಹೈಸಮ್ ಸುಮಾರು ಕ್ರಿ.ಶ. 965ರಲ್ಲಿ ಇರಾಕಿನ ಬಸ್ರಾದಲ್ಲಿ ಜನಿಸಿದರು. ಬಾಳಿನ ಬಹುಭಾಗವನ್ನು ಈಜಿಪ್ತಿನ ಕೈರೋದಲ್ಲಿ ಕಳೆದು, ಸುಮಾರು 1040ರಲ್ಲಿ ಅಲ್ಲಿಯೇ ತೀರಿಕೊಂಡರು. ಯುರೋಪಿನವರು ಅವರನ್ನು ಅಲ್‌ಹಾಜೆನ್ ಎಂದು ಕರೆದರು. ಅವರ ಮೇರುಕೃತಿ 'ಕಿತಾಬುಲ್ ಮನಾಝಿರ್'. ಉರ್ದು ಓದುವ ಮಕ್ಕಳಿಗೆ ಈ ಹೆಸರು ಪರಿಚಿತವೆನಿಸುತ್ತದೆ. ಉರ್ದುವಿನಲ್ಲಿ ಮನ್ಝರ್ ಎಂದರೆ ನೋಟ, ದೃಶ್ಯ. ಮನಾಝಿರ್ ಅದರ ಬಹುವಚನ. ಅರಬಿಯಲ್ಲಿ ಇದು ದೃಷ್ಟಿ ಮತ್ತು ಬೆಳಕಿನ ಶಾಸ್ತ್ರಕ್ಕೇ ಹೆಸರಾಯಿತು. ಏಳು ಭಾಗಗಳ ಈ ಗ್ರಂಥವನ್ನು ಅವರು 11ನೇ ಶತಮಾನದ ಮೊದಲ ದಶಕಗಳಲ್ಲಿ ರಚಿಸಿದರು.

ಅವರಿಗಿಂತ ಮುಂಚೆ ಯೂಕ್ಲಿಡ್, ಟಾಲೆಮಿಯಂಥ ಗ್ರೀಕ್ ಪಂಡಿತರು ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ, ಆದ್ದರಿಂದ ನಮಗೆ ಕಾಣಿಸುತ್ತದೆ ಎಂದು ತಿಳಿದಿದ್ದರು. ಇಬ್ನುಲ್ ಹೈಸಮ್ ಇದನ್ನು ಒಪ್ಪಲಿಲ್ಲ. ಸೂರ್ಯನನ್ನು ನೋಡಿದರೆ ಕಣ್ಣು ನೋಯುತ್ತದೆ, ಬಲವಾದ ಬೆಳಕನ್ನು ನೋಡಿ ಕಣ್ಣು ಮುಚ್ಚಿದರೂ ಅದರ ಗುರುತು ಸ್ವಲ್ಪ ಹೊತ್ತು ಉಳಿಯುತ್ತದೆ. ಹಾಗಾದರೆ ಹೊರಗಿನಿಂದ ಏನೋ ಕಣ್ಣಿನೊಳಕ್ಕೆ ಬರುತ್ತಿರಲೇಬೇಕಲ್ಲವೇ? ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕುಗಳಿಗೆ ಚೆಲ್ಲುತ್ತದೆ, ಅದು ಕಣ್ಣನ್ನು ತಲುಪಿದಾಗ ನೋಟ ಉಂಟಾಗುತ್ತದೆ ಎಂದು ಅವರು ವಿವರಿಸಿದರು.

ಪ್ರತಿಫಲನದ ನಿಯಮವನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಪತನ ಕೋನವೂ ಪ್ರತಿಫಲನ ಕೋನವೂ ಸಮ. ಇದು ಗ್ರೀಕರಿಗೂ ಗೊತ್ತಿತ್ತು. ಇಬ್ನುಲ್ ಹೈಸಮ್ ಅದನ್ನು ಬಾಯಿಮಾತಿಗೆ ಬಿಡದೆ ಪರೀಕ್ಷೆಗೆ ಒಡ್ಡಿದರು. ಸಪಾಟು, ಉಬ್ಬು, ತಗ್ಗು ಕನ್ನಡಿಗಳನ್ನು ಕೂರಿಸಿ ಅಳೆಯುವ ಉಪಕರಣವನ್ನು ವರ್ಣಿಸಿದರು. ಪತನ ಕಿರಣ, ಪ್ರತಿಫಲಿತ ಕಿರಣ ಮತ್ತು ಕನ್ನಡಿಗೆ ಎಳೆದ ಲಂಬ, ಈ ಮೂರೂ ಒಂದೇ ಸಮತಲದಲ್ಲಿರುತ್ತವೆ ಎಂದು ತೋರಿಸಿದರು. ಅವರ ಹೆಸರಿನಲ್ಲೇ ಉಳಿದಿರುವ ಒಂದು ಲೆಕ್ಕವಿದೆ: ಗುಂಡನೆಯ ಕನ್ನಡಿಯ ಮುಂದೆ ಒಂದು ವಸ್ತು ಮತ್ತು ಒಂದು ಕಣ್ಣು ಇದ್ದರೆ, ಕನ್ನಡಿಯ ಯಾವ ಬಿಂದುವಿನಲ್ಲಿ ಆ ವಸ್ತು ಕಾಣಿಸುತ್ತದೆ?

ಸಪಾಟಾದ ಕಿಟಕಿ ಗಾಜಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಉತ್ತರ ಕೇವಲ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಗಾಜಿನ ಎದುರಿಗೆ ಏನಿದೆ? ಎರಡು, ನೋಡುವವನು ಎಲ್ಲಿ ನಿಂತಿದ್ದಾನೆ? ಗಾಜಿಗೆ ತನ್ನದೇ ಆದ ಬಣ್ಣದ ಕತೆ ಕಡಿಮೆ, ಅದು ನೆರೆಹೊರೆಯ ಕತೆಯನ್ನೇ ಹೇಳುತ್ತದೆ. ನಮ್ಮ ಹಿರಿಯರು ಕೇಳಿದ್ದೂ ಅದನ್ನೇ.

ಬೆಳ್ಳಿಯ ಆಕಾಶ

ಈ ಗ್ರಂಥ 1200ರ ಸುಮಾರಿಗೆ ಲ್ಯಾಟಿನ್ ಭಾಷೆಗೂ, 14ನೇ ಶತಮಾನದಲ್ಲಿ ಇಟಲಿಯ ಆಡುಭಾಷೆಗೂ ಅನುವಾದಗೊಂಡಿತು. ಫ್ಲಾರೆನ್ಸ್ ನಗರದ ಶಿಲ್ಪಿ ಲೊರೆಂಜೊ ಗಿಬೆರ್ಟಿ ಕಲೆಯನ್ನು ಕುರಿತು ಬರೆದ ತನ್ನ ಪುಸ್ತಕದಲ್ಲಿ ಇಬ್ನುಲ್ ಹೈಸಮರ ಮಾತುಗಳನ್ನು ಧಾರಾಳವಾಗಿ ಬಳಸಿಕೊಂಡ. ಆ ನಗರದ ಬ್ಯಾಪ್ಟಿಸ್ಟ್ರಿ ಎಂಬ ಪ್ರಾರ್ಥನಾ ಕಟ್ಟಡಕ್ಕೆ ಪ್ರಸಿದ್ಧವಾದ ಕಂಚಿನ ಬಾಗಿಲುಗಳನ್ನು ಮಾಡಿದವನೂ ಅವನೇ.

ಅದೇ ಕಟ್ಟಡದ ಚಿತ್ರವನ್ನು 15ನೇ ಶತಮಾನದ ಆರಂಭದಲ್ಲಿ ಫಿಲಿಪ್ಪೊ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಹಲಗೆಯ ಮೇಲೆ ಬರೆದ. ಹಲಗೆಗೆ ಒಂದು ಸಣ್ಣ ತೂತು ಕೊರೆದಿದ್ದ. ನೋಡುವವನು ಹಲಗೆಯ ಹಿಂಬದಿಯಿಂದ ತೂತಿಗೆ ಕಣ್ಣಿಟ್ಟು, ಎದುರಿಗೆ ಕನ್ನಡಿ ಹಿಡಿದು, ಕನ್ನಡಿಯಲ್ಲಿ ಚಿತ್ರವನ್ನು ನೋಡಬೇಕಿತ್ತು. ನೋಡಿದರೆ ನಿಜವಾದ ಕಟ್ಟಡವೇ ಎದುರಿಗಿದ್ದಂತೆ ಕಾಣಿಸುತ್ತಿತ್ತು. ದೂರ ಹೋದಂತೆ ವಸ್ತುಗಳು ಚಿಕ್ಕದಾಗಿ ಕಾಣುವುದನ್ನು ಲೆಕ್ಕಾಚಾರದಿಂದ ಬರೆದ ಮೊದಲ ಚಿತ್ರಗಳಲ್ಲಿ ಇದು ಒಂದು.

ಇದರಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಒಂದು ಸ್ವಾರಸ್ಯವಿದೆ. ಬ್ರುನೆಲೆಸ್ಕಿ ಆಕಾಶವನ್ನು ಬರೆಯಲೇ ಇಲ್ಲ. ಆಕಾಶದ ಜಾಗಕ್ಕೆ ಉಜ್ಜಿ ಹೊಳಪು ಕೊಟ್ಟ ಬೆಳ್ಳಿಯನ್ನು ಅಂಟಿಸಿದ. ಅದರಲ್ಲಿ ಅಂದಿನ ನಿಜವಾದ ಆಕಾಶ ಪ್ರತಿಫಲಿಸುತ್ತಿತ್ತು, ಗಾಳಿಗೆ ತೇಲುವ ಮೋಡಗಳು ಚಿತ್ರದೊಳಗೂ ತೇಲುತ್ತಿದ್ದವು. ಆಕಾಶವನ್ನು ಊಹಿಸಿ ಬರೆಯುವ ಬದಲು ಇದ್ದದ್ದನ್ನೇ ತೋರಿಸಿದ. ಮಿತ್ರರೇ, ಇದನ್ನು ನೆನಪಿನಲ್ಲಿಡಿ, ಈ ಬೆಳ್ಳಿಯ ತಗಡು ಮುಂದೆ ಕಂಪ್ಯೂಟರ್ ಯುಗದಲ್ಲಿ ಮತ್ತೆ ಬರಲಿದೆ.

ನಮ್ಮ ಬಿಜಾಪುರದಲ್ಲಿ

ದೂರದ ಮಾತು ಸಾಕು, ಮನೆಯ ಹತ್ತಿರ ಬರೋಣ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗುವವರೆಗೆ ನಾವೆಲ್ಲ ಬಿಜಾಪುರ, ಎಂದರೆ ಇಂದಿನ ವಿಜಯಪುರ ಜಿಲ್ಲೆಯವರೇ. ಶಾಲಾ ಪ್ರವಾಸದಲ್ಲಿ ಆದಿಲ್‌ಶಾಹಿ ಕಟ್ಟಡಗಳನ್ನು ನೀವು ನೋಡಿರುತ್ತೀರಿ. ಆದರೆ ಅವುಗಳ ಕಿಟಕಿಗಳನ್ನು ನೋಡಿದ್ದೀರಾ?

1627ರ ಸುಮಾರಿಗೆ ಮುಗಿದ ಇಬ್ರಾಹಿಂ ರೋಜಾದ ಗೋರಿಯ ಕಟ್ಟಡಕ್ಕೆ ಹೋಗಿ. ಅಲ್ಲಿನ ಕಿಟಕಿಗಳಿಗೆ ಗಾಜಿಲ್ಲ. ಕಲ್ಲಿನ ಹಲಗೆಯನ್ನೇ ಅರಬಿ ಅಕ್ಷರಗಳ ಆಕಾರಕ್ಕೆ ಕೊರೆದು ಜಾಲಂಧ್ರ ಮಾಡಿದ್ದಾರೆ. ಅಕ್ಷರಗಳ ನಡುವಿನ ಕಿಂಡಿಗಳಿಂದ ಬೆಳಕು ಒಳಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಆ ಕಿಂಡಿಗಳು ಕಪ್ಪಗೆ ಕಾಣುತ್ತವೆ, ಏಕೆಂದರೆ ಒಳಗೆ ಹೋದ ಬೆಳಕಿನಲ್ಲಿ ಹಿಂದಿರುಗಿ ಬರುವುದು ಅತ್ಯಲ್ಪ. ಗಾಜಿಲ್ಲದ ಕಿಟಕಿ ಕಪ್ಪು, ಗಾಜಿರುವ ಕಿಟಕಿ ಕನ್ನಡಿ. ಚಿತ್ರ ಬರೆಯುವವನು ಕಲಿಯಬೇಕಾದ ಮೊದಲ ಪಾಠವನ್ನು ಆ ಕಲ್ಲೇ ಕಲಿಸುತ್ತದೆ.

ಹಾಗಾದರೆ ಆದಿಲ್‌ಶಾಹಿ ವಾಸ್ತುಶಿಲ್ಪಿಗಳಿಗೆ ಪ್ರತಿಬಿಂಬದ ಸೊಗಸು ತಿಳಿದಿರಲಿಲ್ಲವೇ? ತಿಳಿದಿತ್ತು. ಅವರು ಅದನ್ನು ನೀರಿಗೆ ವಹಿಸಿದರು. ಇಬ್ರಾಹಿಂ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಕಾರಂಜಿಯ ಕೊಳವಿದೆ. ಮುಹಮ್ಮದ್ ಆದಿಲ್ ಶಾಹ್ 1646ರ ಸುಮಾರಿಗೆ ನ್ಯಾಯದಾನದ ಸಭಾಂಗಣವಾಗಿ ಕಟ್ಟಿಸಿದ ಆಸಾರ್ ಮಹಲ್ ಪೂರ್ವಕ್ಕೆ ತೆರೆದುಕೊಂಡಿದೆ. ಎತ್ತರವಾದ ನಾಲ್ಕು ಮರದ ಕಂಬಗಳ ಮುಂದೆ ದೊಡ್ಡ ಹೊಂಡ. ಹೊಂಡ ತುಂಬಿ ಗಾಳಿ ನಿಂತಿರುವಾಗ ದಡದ ಮೇಲಿಂದ ನೋಡಿದರೆ ಕಟ್ಟಡ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ. ನೀರಿನ ಅಂಚಿಗೆ ಬಂದು ನೇರವಾಗಿ ಕೆಳಗೆ ಬಗ್ಗಿ ನೋಡಿದರೆ ಪ್ರತಿಬಿಂಬ ಮಸುಕಾಗಿ ನೀರಿನ ಒಳಭಾಗ ಕಾಣತೊಡಗುತ್ತದೆ. ಇದೇಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಕಟ್ಟಡಗಳನ್ನು ಕಾಗದದ ಮೇಲೆ ಅಳತೆಗೆ ತಕ್ಕಂತೆ ಇಳಿಸುವ ದೊಡ್ಡ ಪ್ರಯತ್ನ ನಡೆದದ್ದು 19ನೇ ಶತಮಾನದಲ್ಲಿ. ಬಾಂಬೆ ಇಂಜಿನಿಯರ್ಸ್‌ನ ಕ್ಯಾಪ್ಟನ್ ಹಾರ್ಟ್, ಅವರ ಸಹಾಯಕ ಕಮ್ಮಿಂಗ್ ಮತ್ತು ದೇಶೀಯ ನಕ್ಷೆಗಾರರು ಬಿಜಾಪುರದ ಮುಖ್ಯ ಮುಸ್ಲಿಂ ಕಟ್ಟಡಗಳ ನಕ್ಷೆ, ಎದುರುನೋಟ, ಕತ್ತರಿಕೆ ನೋಟಗಳನ್ನು ಬರೆದರು. 1859ರಲ್ಲಿ ಜೇಮ್ಸ್ ಫರ್ಗುಸನ್ ಅವರ ಸಂಪಾದಕತ್ವದಲ್ಲಿ ಅದು ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟವಾಯಿತು. 1866ರಲ್ಲಿ ಮೆಡೋಸ್ ಟೇಲರ್ ಅವರ ಇತಿಹಾಸ ಲೇಖನದೊಂದಿಗೆ ಇನ್ನೊಂದು ಗ್ರಂಥ ಬಂದಿತು, ಅದರಲ್ಲಿ ಆ ನಕ್ಷೆಗಳ ಜೊತೆಗೆ ಕರ್ನಲ್ ಬಿಗ್ಸ್ ಮುಂತಾದವರು ಸ್ಥಳದಲ್ಲೇ ತೆಗೆದ ಛಾಯಾಚಿತ್ರಗಳೂ ಇದ್ದವು. ಹಾರ್ಟ್ ಹೆಸರಿದೆ, ಕಮ್ಮಿಂಗ್ ಹೆಸರಿದೆ. ನಮ್ಮವರು ಮಾತ್ರ ಮುಖಪುಟದಲ್ಲಿ 'ದೇಶೀಯ ನಕ್ಷೆಗಾರರು' ಎಂಬ ಒಂದೇ ಮಾತಿನಲ್ಲಿ ಅಡಗಿಹೋಗಿದ್ದಾರೆ. ಗೋಲಗುಂಬಜದ ಕಮಾನುಗಳನ್ನು ಅಳೆದು ಬರೆದ ಆ ಬೆರಳುಗಳು ಯಾರವು? ಇಂದು ಕಂಪ್ಯೂಟರಿನ ಮುಂದೆ ಕುಳಿತು ಕಟ್ಟಡದ ಚಿತ್ರ ಮಾಡುವ ನಮ್ಮ ಹುಡುಗ ಹುಡುಗಿಯರು ಆ ಹೆಸರಿಲ್ಲದವರ ವಾರಸುದಾರರು.

ಅಂದಿನ ನಕ್ಷೆಗಾರರಿಗೆ ಒಂದು ವಾಡಿಕೆ ಇತ್ತು. ಬೆಳಕು ಎಡಗಡೆಯ ಮೇಲಿನಿಂದ 45 ಡಿಗ್ರಿ ಓರೆಯಾಗಿ ಬೀಳುತ್ತದೆಂದು ಭಾವಿಸಿ ನೆರಳು ಹಾಕುವುದು, ಕಿಟಕಿ ಬಾಗಿಲುಗಳ ತೆರಪನ್ನು ಕಪ್ಪು ಮಸಿಯಿಂದ ತುಂಬುವುದು. ಗಾಜಿಲ್ಲದ ಕಟ್ಟಡಗಳಿಗೆ ಇದು ಸರಿಯಾಗಿಯೇ ಒಪ್ಪುತ್ತಿತ್ತು. ಗಾಜು ಬಂದ ಮೇಲೆ ಈ ವಾಡಿಕೆ ಸಾಲದಾಯಿತು.

ಗಾಜಿನ ಯುಗ

1851ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಸುಮಾರು 3 ಲಕ್ಷ ಗಾಜಿನ ಹಲಗೆಗಳಿಂದ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದರು. ಅದರ ಪ್ರಭಾವದಿಂದಲೇ ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರ ನವೆಂಬರ್ 30ರಂದು ಗಾಜಿನ ಮನೆಗೆ ಶಂಕುಸ್ಥಾಪನೆ ಆಯಿತು. ಹೈದರ್ ಅಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ತೋಟದ ನಡುವೆ ಇಂದಿಗೂ ಅದು ಮರಗಳನ್ನೂ ಮುಗಿಲನ್ನೂ ತನ್ನ ಮೈಮೇಲೆ ಹೊತ್ತು ನಿಂತಿದೆ.

ಕಟ್ಟಡದ ಚಿತ್ರ ಬರೆಯುವವರಿಗೆ ಗಾಜು ಒಡ್ಡಿದ ಸವಾಲನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಜರ್ಮನಿಯ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಒಬ್ಬರು. 1921ರಲ್ಲಿ ಬರ್ಲಿನ್ ನಗರದ ಒಂದು ಸ್ಪರ್ಧೆಗಾಗಿ ಅವರು ಪೂರ್ತಿ ಗಾಜಿನ ಎತ್ತರದ ಕಟ್ಟಡವೊಂದನ್ನು ಇದ್ದಿಲಿನಿಂದ ಬರೆದರು. ಅದು ಕಾಗದದಲ್ಲೇ ಉಳಿಯಿತು, ಕಟ್ಟಲಿಲ್ಲ. ಆದರೆ ಗಾಜಿನ ಮಾದರಿಗಳನ್ನು ಮಾಡಿ ನೋಡಿದ ಮೇಲೆ ಅವರು ಒಂದು ಮಾತು ಬರೆದರು. ಅದರ ತಾತ್ಪರ್ಯ ಇಷ್ಟು: ಗಾಜಿನ ಕಟ್ಟಡದಲ್ಲಿ ಮುಖ್ಯವಾಗುವುದು ಬಿಸಿಲು ನೆರಳಿಗಿಂತಲೂ ಪ್ರತಿಫಲನಗಳ ಆಟ. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ತಯಾರಿಸುವ ವಿಧಾನವನ್ನು ಪ್ರಕಟಿಸಿತು. ಆ ಬಳಿಕ ದೊಡ್ಡ ದೊಡ್ಡ ಸಪಾಟು ಗಾಜುಗಳು ಅಗ್ಗವಾದವು. ಇಂದು ನಮ್ಮ ತಾಲ್ಲೂಕು ಊರುಗಳ ಅಂಗಡಿಗಳಿಗೂ ನೀಲಿ ಗಾಜು ಬಂದಿದೆ.

ಈಗ ಆಸಾರ್ ಮಹಲಿನ ಹೊಂಡದ ಒಗಟಿಗೆ ಬರೋಣ. ಅದನ್ನು ಲೆಕ್ಕಕ್ಕೆ ತಂದವರು ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್, 1823ರಲ್ಲಿ. ಗಾಜಿಗೆ ನೇರವಾಗಿ ಎದುರು ನಿಂತು ನೋಡಿದರೆ ಅದರ ಒಂದು ಮೈ ಮರಳಿಸುವುದು ಬಿದ್ದ ಬೆಳಕಿನ ಶೇಕಡ 4ರಷ್ಟು ಮಾತ್ರ. ಗಾಜಿಗೆ ಎರಡು ಮೈಗಳಿರುವುದರಿಂದ ಒಟ್ಟು ಸುಮಾರು ಶೇಕಡ 8. ಓರೆಯಾದಂತೆ ಇದು ಏರುತ್ತದೆ. ಲಂಬದಿಂದ 60 ಡಿಗ್ರಿ ಓರೆಯಲ್ಲಿ ಒಂದು ಮೈಯಿಂದಲೇ ಸುಮಾರು ಶೇಕಡ 9, 80 ಡಿಗ್ರಿಯಲ್ಲಿ ಸುಮಾರು ಶೇಕಡ 39. ಗೋಡೆಗೆ ಕೆನ್ನೆ ಹಚ್ಚಿ ನೋಡಿದರೆ ಗಾಜು ಹೆಚ್ಚುಕಡಿಮೆ ಪೂರ್ಣ ಕನ್ನಡಿ. ನೀರಿಗೂ ಇದೇ ನಡೆ. ಅಂಗಡಿಯ ಮುಂದೆ ನೇರ ನಿಂತಾಗ ಒಳಗಿನ ಸಾಮಾನು ಕಾಣುವುದೂ, ರಸ್ತೆಯ ತುದಿಯಿಂದ ನೋಡಿದಾಗ ಅದೇ ಗಾಜು ಬರೀ ಆಕಾಶವಾಗುವುದೂ ಇದರಿಂದಲೇ.

ಹಾಗಾದರೆ ಬರೀ ಶೇಕಡ 8 ಬೆಳಕು ಹಗಲಿನಲ್ಲಿ ಅಷ್ಟು ಎದ್ದು ಕಾಣುವುದೇಕೆ? ಕಡು ಬಿಸಿಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ, ಕೋಣೆಯೊಳಗಿನದು ಕೆಲವು ನೂರು ಲಕ್ಸ್. ಹೊರಗಿನ ಅಲ್ಪಾಂಶವೇ ಒಳಗಿನದನ್ನು ಮುಚ್ಚಿಹಾಕುತ್ತದೆ. ರಾತ್ರಿ ಇದು ತಿರುವುಮುರುವು: ಹೊರಗೆ ನಿಂತವನಿಗೆ ದೀಪ ಹಚ್ಚಿದ ಕೋಣೆ ಕಾಣುತ್ತದೆ, ಒಳಗಿದ್ದವನಿಗೆ ತನ್ನ ಮುಖವೇ ಕಾಣುತ್ತದೆ. ರಾತ್ರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆಲ್ಲ ಇದು ಗೊತ್ತು.

ಕಂಪ್ಯೂಟರ್ ಕಲಿತ ಪಾಠ

ಇಷ್ಟು ಲೆಕ್ಕವನ್ನು ಪ್ರತಿ ಗಾಜಿಗೂ ಕೈಯಿಂದ ಮಾಡುವುದು ಅಸಾಧ್ಯ. ಕಂಪ್ಯೂಟರ್ ಬಂದಾಗ ಅದು ಸಾಧ್ಯವಾಯಿತು. 1968ರಲ್ಲಿ ಐಬಿಎಂ ಕಂಪನಿಯ ಆರ್ಥರ್ ಅಪೆಲ್ ಕಿರಣಗಳನ್ನು ಎಳೆದು ನೆರಳು ಕಂಡುಹಿಡಿಯುವ ವಿಧಾನ ತೋರಿಸಿದರು. 1976ರಲ್ಲಿ ಜೇಮ್ಸ್ ಬ್ಲಿನ್ ಮತ್ತು ಮಾರ್ಟಿನ್ ನೆವೆಲ್ ಒಂದು ಚಹಾ ಕೆಟಲಿನ ಮೇಲೆ ಸುತ್ತಲಿನ ದೃಶ್ಯವನ್ನು ಪ್ರತಿಫಲಿಸುವ ಸುಲಭ ಉಪಾಯ ಕಂಡರು: ಸುತ್ತಲಿನ ಚಿತ್ರವನ್ನು ಮೊದಲೇ ಸಿದ್ಧಪಡಿಸಿ ಹೊಳೆಯುವ ವಸ್ತುವಿನ ಮೇಲೆ ಮೂಡಿಸುವುದು. ತಿಮ್ಮಾಪುರದ ನಮ್ಮ ಹುಡುಗ ಮಾಡಿದ್ದೂ ಈ ಉಪಾಯವನ್ನೇ, ಆದರೆ ಬೇರೆ ಊರಿನ ಚಿತ್ರ ತಂದಿದ್ದ! 1980ರಲ್ಲಿ ಬೆಲ್ ಪ್ರಯೋಗಾಲಯದ ಟರ್ನರ್ ವಿಟೆಡ್ ಪ್ರತಿಯೊಂದು ಕಿರಣವನ್ನೂ ಕನ್ನಡಿಯಿಂದ ಕನ್ನಡಿಗೆ, ಗಾಜಿನಿಂದ ಗೋಡೆಗೆ ಬೆನ್ನಟ್ಟಿ ಹೋಗುವ 'ರೇ ಟ್ರೇಸಿಂಗ್' ವಿಧಾನವನ್ನು ಪ್ರಕಟಿಸಿದರು. 1994ರಲ್ಲಿ ಕ್ರಿಸ್ಟೋಫ್ ಶ್ಲಿಕ್ ಫ್ರೆನೆಲ್‌ರ ಲೆಕ್ಕವನ್ನು ಬೇಗ ಮಾಡಬಲ್ಲ ಸರಳ ಸೂತ್ರ ಕೊಟ್ಟರು.

ಇಲ್ಲಿ ಒಂದು ಸೋಜಿಗವಿದೆ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಇಬ್ನುಲ್ ಹೈಸಮ್ ಸಾಧಿಸಿದರಷ್ಟೆ. ಆದರೆ ರೇ ಟ್ರೇಸಿಂಗ್ ಮಾಡುವ ಕಂಪ್ಯೂಟರ್ ಕಿರಣವನ್ನು ಕಣ್ಣಿನಿಂದ ಹೊರಡಿಸುತ್ತದೆ, ಯೂಕ್ಲಿಡ್ ನಂಬಿದ್ದ ಹಾಗೆ! ಹಾಗಾದರೆ ಗ್ರೀಕರೇ ಸರಿಯೇ? ಖಂಡಿತ ಅಲ್ಲ. ದೀಪದಿಂದ ಹೊರಟ ಕೋಟ್ಯಂತರ ಕಿರಣಗಳಲ್ಲಿ ಕಣ್ಣನ್ನು ಸೇರುವುದು ಕೆಲವೇ. ಎಲ್ಲವನ್ನೂ ಲೆಕ್ಕ ಹಾಕುತ್ತ ಕುಳಿತರೆ ಕಾಲ ಸಾಲದು. ಬೆಳಕು ಹೋದ ದಾರಿ, ಬಂದ ದಾರಿ ಒಂದೇ ಆಗಿರುವುದರಿಂದ ಕಣ್ಣಿನಿಂದ ಹಿಮ್ಮುಖವಾಗಿ ಹುಡುಕುವುದು ಲೆಕ್ಕದ ಅನುಕೂಲ ಮಾತ್ರ.

1998ರಲ್ಲಿ ಪಾಲ್ ಡೆಬೆವೆಕ್ ಕನ್ನಡಿಯಂತೆ ಹೊಳೆಯುವ ಒಂದು ಗುಂಡನ್ನು ನಿಜವಾದ ಸ್ಥಳದಲ್ಲಿಟ್ಟು ಅದರ ಫೋಟೋ ತೆಗೆದು, ಆ ಸ್ಥಳದ ಬೆಳಕನ್ನೆಲ್ಲ ಕಂಪ್ಯೂಟರ್ ಚಿತ್ರಕ್ಕೆ ತರುವ ದಾರಿ ತೋರಿಸಿದರು. ಬ್ರುನೆಲೆಸ್ಕಿಯ ಬೆಳ್ಳಿಯ ಆಕಾಶ ನೆನಪಾಯಿತೇ? ಸುಮಾರು ಆರು ಶತಮಾನಗಳ ಅಂತರದಲ್ಲಿ ಇಬ್ಬರೂ ಹೇಳಿದ್ದು ಒಂದೇ ಮಾತು: ಸುತ್ತಲಿನದನ್ನು ಊಹಿಸಬೇಡ, ಸ್ಥಳಕ್ಕೆ ಹೋಗಿ ತಾ.

ಚಂದಕ್ಕಷ್ಟೇ ಅಲ್ಲ

ಪ್ರತಿಫಲನ ಬರೀ ಅಲಂಕಾರವೆಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ 2013ರ ಲಂಡನ್ ಸಾಕ್ಷಿ. ಫೆನ್‌ಚರ್ಚ್ ಬೀದಿಯ 20ನೇ ನಂಬರಿನ ಎತ್ತರದ ಕಟ್ಟಡದ ಗಾಜಿನ ಮುಖ ಒಳಕ್ಕೆ ಬಾಗಿತ್ತು. ಅದು ದೊಡ್ಡ ತಗ್ಗು ಕನ್ನಡಿಯಂತೆ ಬಿಸಿಲನ್ನು ಒಟ್ಟುಗೂಡಿಸಿ ಬೀದಿಗೆ ಎಸೆಯಿತು, ನಿಲ್ಲಿಸಿದ್ದ ಕಾರೊಂದರ ಭಾಗಗಳು ಕರಗಿದವು. ಆಮೇಲೆ ಅದಕ್ಕೆ ಬಿಸಿಲು ತಡೆಯುವ ಪಟ್ಟಿಗಳನ್ನು ಜೋಡಿಸಬೇಕಾಯಿತು. ಬಿಸಿಲನ್ನು ಒಂದೆಡೆ ಸೇರಿಸಿ ಸುಡುವ ಕನ್ನಡಿಗಳ ಬಗ್ಗೆ ಇಬ್ನುಲ್ ಹೈಸಮ್ ಸಾವಿರ ವರ್ಷಗಳ ಹಿಂದೆಯೇ ಪ್ರತ್ಯೇಕ ಪುಸ್ತಕ ಬರೆದಿದ್ದರು!

ನಮ್ಮ ತಿಮ್ಮಾಪುರದ ಚಿತ್ರದಲ್ಲೂ ಇಂಥದೇ ಒಂದು ಪಾಠ ಅಡಗಿತ್ತು. ಹಿರಿಯರ ಪ್ರಶ್ನೆಯ ನಂತರ ಹುಡುಗ ಜಾಗದ ನಡುವೆ ನಿಂತು ಮೊಬೈಲಿನಲ್ಲಿ ಸುತ್ತಲೂ ಫೋಟೋ ತೆಗೆದ. ಸಾಫ್ಟ್‌ವೇರಿನಲ್ಲಿ ನಮ್ಮ ಊರಿನ ಸ್ಥಾನವನ್ನು, ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶ ಎಂದು ಕೊಟ್ಟ. ಏಪ್ರಿಲ್ ತಿಂಗಳ ಸಂಜೆ 4 ಗಂಟೆಯ ಸೂರ್ಯನನ್ನು ಇಟ್ಟ. ಎದುರಿನ ಮನೆಯನ್ನೂ ಬೇವಿನ ಮರವನ್ನೂ ಅಳತೆಯಲ್ಲಿ ಕಟ್ಟಿದ. ಚಿತ್ರ ಬಂದಾಗ ನಾವೆಲ್ಲ ಬೆರಗಾದೆವು. ಗಾಜಿನಲ್ಲಿ ಬೇವಿನ ಮರ ಬಂದಿತ್ತು. ಜೊತೆಗೆ ಇನ್ನೊಂದು ಸತ್ಯವೂ ಬಂದಿತ್ತು: ಪಶ್ಚಿಮದ ಬಿಸಿಲು ಆ ಗಾಜಿಗೆ ಬಡಿದು ನೇರವಾಗಿ ಆ ಹಿರಿಯರ ಮನೆಯ ಜಗುಲಿಯ ಮೇಲೆ ಉರಿಯುತ್ತಿತ್ತು. ಉಳಿದ ಬಿಸಿಲು ಮಕ್ಕಳು ಓದುವ ಮೇಜಿನ ಮೇಲೆ ಬಿದ್ದಿತ್ತು. ಮೊದಲ ಚಿತ್ರದ ತಂಪಾದ ನೀಲಿ ಆಕಾಶ ಇದೆಲ್ಲವನ್ನೂ ಮರೆಮಾಚಿತ್ತು.

ಗಾಜಿನ ಗೋಡೆಯ ವಿಚಾರ ಅಲ್ಲಿಗೇ ನಿಂತಿತು. ಪಶ್ಚಿಮಕ್ಕೆ ಚಜ್ಜಾ ಇರುವ ಚಿಕ್ಕ ಕಿಟಕಿಗಳು, ಉತ್ತರಕ್ಕೆ ದೊಡ್ಡ ಕಿಟಕಿಗಳು ಎಂದು ತೀರ್ಮಾನವಾಯಿತು. ಉತ್ತರಕ್ಕೂ ಚಜ್ಜಾ ಬೇಕೆಂದು ಹುಡುಗನೇ ಹೇಳಿದ. ನಮ್ಮ ಸೀಮೆಯಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಪರದೇಶದ ಪುಸ್ತಕ ನೋಡಿ ಉತ್ತರದ ಕಿಟಕಿಗೆ ಬಿಸಿಲೇ ಬಾರದು ಎಂದುಕೊಂಡರೆ ಮೋಸಹೋಗುತ್ತೇವೆ.

ಕಲಿಯುವವರಿಗೆ ಕಿವಿಮಾತು

ಈ ವಿದ್ಯೆ ಕಲಿಯಬೇಕೆನ್ನುವವರಿಗೆ ನಾನು ಕಂಡ, ಆ ಹುಡುಗನಿಂದ ಕಲಿತ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ಗಾಜಿಗೆ ನೀಲಿ ಬಣ್ಣ ಬಳಿಯಬೇಡಿ. ಎದುರಿಗೆ ಏನಿದೆಯೋ ಅದನ್ನು ಕಟ್ಟಿ, ಅಥವಾ ಅದರ ಫೋಟೋ ತನ್ನಿ. ನೀಲಿ ತಾನಾಗಿಯೇ ಆಕಾಶದಿಂದ ಬರುತ್ತದೆ. ನೆಲದಿಂದ ನೋಡುವಾಗ ಮೇಲಿನ ಅಂತಸ್ತಿನ ಗಾಜಿನಲ್ಲಿ ಆಕಾಶ ಹೆಚ್ಚು, ಕೆಳಗಿನದರಲ್ಲಿ ಎದುರಿನ ಮನೆ, ಮರ ಹೆಚ್ಚು.

ಎರಡನೆಯದು, ಓರೆಯನ್ನು ಗಮನಿಸಿ. ಹತ್ತಿರದ, ನೇರ ಎದುರಿನ ಕಿಟಕಿಯಲ್ಲಿ ಒಳಗಿನ ಪರದೆ, ಕಪಾಟು ಸ್ವಲ್ಪ ಕಾಣಲಿ. ಗೋಡೆಯುದ್ದಕ್ಕೂ ದೂರ ಹೋದಂತೆ ಗಾಜುಗಳು ಕನ್ನಡಿಯಾಗುತ್ತ ಹೋಗಲಿ. ಕಿಟಕಿಗಳ ಹಿಂದೆ ಬರೀ ಟೊಳ್ಳು ಬಿಟ್ಟರೆ ಕಟ್ಟಡ ಪೆಟ್ಟಿಗೆಯಂತೆ ಕಾಣುತ್ತದೆ.

ಮೂರನೆಯದು, ಎಲ್ಲ ಗಾಜುಗಳೂ ಒಂದೇ ಸಮನಾಗಿ ಕೂತಿರುವುದಿಲ್ಲ. ಬಡಗಿ ಚೌಕಟ್ಟಿಗೆ ಕೂರಿಸುವಾಗ ಕೂದಲೆಳೆಯಷ್ಟು ವಾರೆಯಾಗುತ್ತದೆ. ಗಾಜು ಒಂದು ಡಿಗ್ರಿ ತಿರುಗಿದರೆ ಪ್ರತಿಫಲಿತ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಆದ್ದರಿಂದಲೇ ನಿಜವಾದ ಕಟ್ಟಡದಲ್ಲಿ ಪ್ರತಿಬಿಂಬ ಕಿಟಕಿಯಿಂದ ಕಿಟಕಿಗೆ ತುಂಡಾಗಿ ಜರುಗಿದಂತೆ ಕಾಣುತ್ತದೆ. ಚಿತ್ರದಲ್ಲೂ ಪ್ರತಿ ಗಾಜನ್ನು ಅಷ್ಟಿಷ್ಟು ವಾರೆ ಮಾಡಿ.

ನಾಲ್ಕನೆಯದು, ಹೊತ್ತು ಯಾವುದೆಂದು ಮೊದಲು ನಿರ್ಧರಿಸಿ. ಹಗಲಿನಲ್ಲಿ ಹೊರಗಿನದೇ ಮೇಲು, ಮುಸ್ಸಂಜೆಯಲ್ಲಿ ಎರಡೂ ಸಮ, ರಾತ್ರಿ ಒಳಗಿನದೇ ಮೇಲು.

ಇದಕ್ಕೆಲ್ಲ ದೊಡ್ಡ ಹಣ ಬೇಕೆಂದು ಹೆದರಬೇಡಿ. ಬ್ಲೆಂಡರ್ ಎಂಬ ಸಾಫ್ಟ್‌ವೇರ್ 2002ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ರೇ ಟ್ರೇಸಿಂಗ್ ಅದರಲ್ಲೇ ಇದೆ. ಕಂಪ್ಯೂಟರ್ ಇಲ್ಲದವರು ಒಂದು ತುಂಡು ಕನ್ನಡಿ, ಒಂದು ಪೆನ್ಸಿಲ್ ಹಿಡಿದು ಶಾಲೆಯ ಕಿಟಕಿಯ ಮುಂದೆ ನಿಲ್ಲಿರಿ. ಇಬ್ನುಲ್ ಹೈಸಮರಿಗೆ ಇದ್ದದ್ದೂ ಕನ್ನಡಿ, ಅಳತೆ, ತಾಳ್ಮೆಗಳೇ.

ಕೊನೆಯ ಮಾತು

ಓದುಗರೇ, ನಮ್ಮಲ್ಲಿ ಇಲ್ಲದ ಆಸೆಯನ್ನು 'ಕನ್ನಡಿಯೊಳಗಿನ ಗಂಟು' ಎನ್ನುತ್ತಾರೆ. ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕಟ್ಟಡದ ಚಿತ್ರ ಹಾಗಾಗಬಾರದು. ಮಗ್ಗದ ಮುಂದೆ ಕುಳಿತು ದುಡಿದ ಹಣದಲ್ಲಿ ಒಬ್ಬ ತಾಯಿ ನೂರು ರೂಪಾಯಿ ತೆಗೆದು ಕೊಡುವುದು ಆ ಚಿತ್ರವನ್ನು ನಂಬಿ. ಉರ್ದುವಿನಲ್ಲಿ ನಾವು ಅದನ್ನು ಅಮಾನತ್ ಎನ್ನುತ್ತೇವೆ, ನಂಬಿ ಒಪ್ಪಿಸಿದ್ದು. ಗಾಜಿನ ಒಂದು ಚೂರಿನಲ್ಲಿ ಸುಳ್ಳು ಊರನ್ನು ತೋರಿಸಿದರೂ ಆ ನಂಬಿಕೆಗೆ ಅಷ್ಟು ಕುಂದು.

ಎರಡನೆಯ ಚಿತ್ರವನ್ನು ಅದೇ ಹಿರಿಯರ ಕೈಗೆ ಕೊಟ್ಟಾಗ ಅವರು ಮತ್ತೆ ಕನ್ನಡಕ ಸರಿಮಾಡಿಕೊಂಡರು. ಉತ್ತರದ ಕಿಟಕಿ, ಪಶ್ಚಿಮದ ಕಿಟಕಿ ಎಲ್ಲವನ್ನೂ ನೋಡಿದರು. ಒಂದು ಗಾಜಿನ ಮೇಲೆ ಬೆರಳಿಟ್ಟು, "ಇದು ನಮ್ಮ ಬೇವಿನ ಗಿಡಾ" ಎಂದರು. ಆಮೇಲೆ ಹುಡುಗನ ಕಡೆ ತಿರುಗಿ, "ಈಗ ಖರೆ ಆತು ನೋಡಪ್ಪಾ" ಎಂದು ಕಿಸೆಗೆ ಕೈಹಾಕಿದರು.

ಆ ದಿನ ನನ್ನ ವಿದ್ಯಾರ್ಥಿಗೆ ಸಿಕ್ಕ ಸರ್ಟಿಫಿಕೇಟ್ ಅದು. ನಿಮಗೂ ಅಂಥದೊಂದು ಸಿಗಲಿ ಎಂದು ಹಾರೈಸುತ್ತೇನೆ.